ಗಾಡಿ ಓಡಿಸ್ತೀಯಾ ಅಂತ ಕೇಳಬೇಡಿ: ಮಂಡ್ಯದ ಹೈಸ್ಕೂಲುಗಳಲ್ಲಿ ನನ್ನ ಅನುಭವ

ರಸ್ತೆ ಮೇಲೆ ಏನೇನು ಮಾಡ್ತಾರೆ ಅಂತ ಕೇಳಿದರೆ ಹೈಸ್ಕೂಲು ಮಕ್ಕಳು ನಿಜ ಹೇಳಲ್ಲ ಅನ್ನುವುದು ನಮ್ಮ ಮೇಷ್ಟ್ರುಗಳ ವಲಯದಲ್ಲಿ ವೇದವಾಕ್ಯ. ಹೇಳುತ್ತಾರೆ. ಮಂಡ್ಯ ಸುತ್ತಮುತ್ತಲಿನ ಎರಡು ಹೈಸ್ಕೂಲು, ಒಂದು ಪಿಯು ಕಾಲೇಜಿನಲ್ಲಿ ಹೇಳಿಸಿದ್ದೇನೆ.

ಶುರು ಮಾಡಿದ್ದು ಇಂಥ ಸಮೀಕ್ಷೆ ಮಾಡುವವರೆಲ್ಲ ಹಿಡಿಯುವ ಎ.ಆರ್.ಬಿ.ಕ್ಯೂ. ಪ್ರಶ್ನಾವಳಿಯಿಂದಲೇ, ಅಂದರೆ ಹದಿಹರೆಯದವರು ರಸ್ತೆಯಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಅಂತ ಅವರನ್ನೇ ಕೇಳುವ ಹಾಳೆ. 2004ರಲ್ಲಿ ಇಂಗ್ಲೆಂಡಿನ 11ರಿಂದ 16 ವರ್ಷದ ಮಕ್ಕಳಿಗೆ ಮಾಡಿದ್ದು, 43 ಪ್ರಶ್ನೆ. ರಸ್ತೆ ದಾಟುವುದು, ರಸ್ತೆಯಲ್ಲಿ ಆಡುವುದು, ಮುನ್ನೆಚ್ಚರಿಕೆ ಎಲ್ಲ ಇದೆ. ಆದರೆ ನಮ್ಮ ಹುಡುಗ ಅಪ್ಪನ ಸ್ಪ್ಲೆಂಡರಿನಲ್ಲಿ ಆಲೆಮನೆಗೆ ಹೋಗಿ ಬರುತ್ತಾನೆ. ಕಬ್ಬಿನ ಟ್ರ್ಯಾಕ್ಟರ್ ಹಂಪಿನಲ್ಲಿ ನಿಧಾನ ಆದರೆ ಹಿಂದೆ ಓಡಿ ಜಲ್ಲೆ ಎಳೆಯುತ್ತಾನೆ. ಸೈಕಲ್ ಇದ್ದರೆ ಟ್ರೈಲರ್ ಹಿಡಿದುಕೊಂಡು ಪೆಡಲ್ ತುಳಿಯದೆ ಊರು ಸೇರುತ್ತಾನೆ. ಇದು ಯಾವ ಪಟ್ಟಿಯಲ್ಲಿದೆ?

ಮೊದಲ ಸಲ ಸುಮಾರು 200 ಪ್ರತಿ ಹಂಚಿದೆ. ಹೆಸರು ಬರೆಸಲೇಬೇಕು ಅಂತ ಶಾಲೆಯವರ ಹಟ. ಕ್ಲಾಸ್ ಟೀಚರ್ ಬೆಂಚುಗಳ ನಡುವೆ ಓಡಾಡುತ್ತಿದ್ದರು. ಎಲ್ಲ ಹಾಳೆಯಲ್ಲೂ ‘ಎಂದೂ ಇಲ್ಲ’. ಕೆಲವು ಬೆಂಚಿನಲ್ಲಿ ಟಿಕ್ ಹಾಕಿದ ಪೆನ್ನೂ ಒಂದೇ! ಜೆರಾಕ್ಸಿಗೆ ಹೋದ ಸಾವಿರ ಚಿಲ್ಲರೆ ನೀರಲ್ಲಿ ಹೋಮ.

ಆಮೇಲೆ ಗೂಗಲ್ ಫಾರ್ಮ್. ದುಡ್ಡು ಉಳಿಯಿತು, ಆದರೆ ಫೋನು ಅಪ್ಪಂದಿರದ್ದು. ಒಬ್ಬರು ರಾತ್ರಿ ಫೋನ್ ಮಾಡಿ, "ಸಾ, ಕೇಸು ಗೀಸು ಹಾಕ್ತೀರಾ?" ಅಂದರು. ಆಗ ಹೊಳೆಯಿತು. 2019ರ ತಿದ್ದುಪಡಿ ಬಂದ ಮೇಲೆ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ 25,000 ಮಕ್ಕಳಿಗೂ ಬಾಯಿಪಾಠ. ಹೆಸರು ಬರೆದು ಅಪ್ಪನನ್ನು ಸಿಕ್ಕಿಸಲು ಅವರೇನು ದಡ್ಡರಾ?

ಮೂರನೇ ಸಲ ಹೆಸರಿಲ್ಲ, ರೋಲ್ ನಂಬರಿಲ್ಲ, ಮೇಷ್ಟ್ರು ಹೊರಗೆ. ಬಾಗಿಲ ಹತ್ತಿರ ಬೀಗ ಹಾಕಿದ ತಗಡಿನ ಡಬ್ಬಿ. ಪ್ರಶ್ನೆ 18ಕ್ಕೆ ಇಳಿಸಿದೆ. ‘ಗಾಡಿ ಓಡಿಸ್ತೀಯಾ’ ಅಂತ ಕೇಳಲೇ ಇಲ್ಲ. ಕಳೆದ ವಾರ ಎಲ್ಲಿವರೆಗೆ ಓಡಿಸಿದೆ? ಪೆಟ್ರೋಲಿಗೆ ಯಾರು ಕೊಟ್ಟರು? ಹಿಂದೆ ಎಷ್ಟು ಜನ ಕೂತಿದ್ದರು? ‘ಓಡಿಸಲಿಲ್ಲ’ ಅನ್ನುವ ಆಯ್ಕೆ ಕೊನೆಯಲ್ಲಿ. ಸುಳ್ಳು ಹಿಡಿಯುವ ಎರಡು ಪ್ರಶ್ನೆಯೂ ನಡುವೆ ಇವೆ. ಅವು ಯಾವುವು ಅಂತ ಇಲ್ಲಿ ಬರೆಯಲ್ಲ, ನಾಳೆ ಮಕ್ಕಳೂ ಓದುತ್ತಾರೆ.

ಈ ಸಲ ಒಂಬತ್ತು, ಹತ್ತನೇ ಕ್ಲಾಸಿನ ಗಂಡುಮಕ್ಕಳಲ್ಲಿ ಹತ್ತಕ್ಕೆ ನಾಲ್ಕರಷ್ಟು ಜನ ಓಡಿಸಿದ್ದೇವೆ ಅಂದರು. ನಂಬೋದು ಹೇಗೆ? ಎಣಿಸಿದೆ. ಗೇಟಿನಲ್ಲಿ ನಿಂತರೆ ಒಂದು ಗಾಡಿಯೂ ಸಿಗಲ್ಲ. ಹಿಂದಿನ ಬೀದಿಯ ನೀರಿನ ಟ್ಯಾಂಕ್ ಹತ್ತಿರ ನಿಲ್ಲಿಸಿ, ಕೀಲಿ ಸಾಕ್ಸಿನೊಳಗೆ ಇಟ್ಟುಕೊಂಡು ನಡೆದು ಬರುತ್ತಾರೆ. ಎದುರಿನ ಟೀ ಅಂಗಡಿಯಲ್ಲಿ ಒಂದು ವಾರ ಬೆಳಿಗ್ಗೆ ಸಂಜೆ ಕೂತೆ. ತ್ರಿಬಲ್ಸ್ ಲೆಕ್ಕ ಹಾಳೆಯ ಲೆಕ್ಕಕ್ಕೆ ಹೆಚ್ಚುಕಮ್ಮಿ ಹೊಂದಿತು. ಇದು ಆಗಲ್ಲ ಅಂದಿದ್ದವರನ್ನೇ ಕರೆದು ತೋರಿಸಿದೆ, ಸುಮ್ನೆ ಬಿಡ್ತೀನಾ!

ಮಧ್ಯೆ ಮೈಸೂರಿನ ಕುವೆಂಪುನಗರದಲ್ಲಿ ಟ್ಯೂಷನ್ ಬಿಡುವ ಹೊತ್ತಿಗೂ ನಿಂತು ನೋಡಿದೆ. ಅಲ್ಲಿ ಹೆಲ್ಮೆಟ್ ಇರುತ್ತದೆ, ಮೊಣಕೈಯಲ್ಲಿ. ಎಲೆಕ್ಟ್ರಿಕ್ ಸ್ಕೂಟರೂ ಜಾಸ್ತಿ. 250 ವ್ಯಾಟಿನೊಳಗೆ, 25 ಕಿ.ಮೀ. ವೇಗ ಮೀರದ್ದಕ್ಕೆ ಮಾತ್ರ ಲೈಸೆನ್ಸ್ ಬೇಡ. ಇವರು ಬ್ಯಾಟರಿ ಗಾಡಿ ಯಾವುದಿದ್ದರೂ "ಇದಕ್ಕೆ ಲೈಸೆನ್ಸ್ ಬೇಡ ಸಾರ್" ಅನ್ನುತ್ತಾರೆ. ಅದಕ್ಕೇ ಒಂದು ಪ್ರಶ್ನೆ ಸೇರಿಸಿದೆ.

ಒಟ್ಟು ಖರ್ಚು ನಾಲ್ಕು ಸಾವಿರದ ಆಸುಪಾಸು. ಟೀಗೇ ಐನೂರು ಮೀರಿರಬೇಕು. ಹೆಸರು ಬೇಕೇ ಬೇಕು ಅಂದಿದ್ದ ಶಾಲೆಯವರು ಈಗ ಹಾಳೆ ಕೇಳುತ್ತಿದ್ದಾರೆ, ಒಂದು ಮೂಲೆಯಲ್ಲಿ ರೋಲ್ ನಂಬರ್ ಹಾಕಿಸೋಣ ಸಾರ್ ಅಂತ. ಅವರಿಗೆ ಇನ್ನೂ ಕೊಟ್ಟಿಲ್ಲ.