ಅಮೆರಿಕದ ದೊಡ್ಡ ಕಾಲೇಜುಗಳಿಗೆ ಅರ್ಜಿ: ಮೊದಲು ದುಡ್ಡಿನ ಲೆಕ್ಕ, ಆಮೇಲೆ ಉಳಿದದ್ದು

ಊರಿಗೆ ಹೋದಾಗಲೆಲ್ಲ ಪಿಯು ಓದುವ ಮಕ್ಕಳು ಕೇಳುವುದು ಒಂದೇ ಪ್ರಶ್ನೆ: "ಎಸ್‌ಎಟಿಯಲ್ಲಿ ಎಷ್ಟು ಬಂದ್ರೆ ಸೀಟು ಗ್ಯಾರಂಟಿ?" ಎಸ್‌ಎಟಿ ಅಂದರೆ ಅಲ್ಲಿನ ಕಾಲೇಜುಗಳು ನೋಡುವ ಪ್ರವೇಶ ಪರೀಕ್ಷೆ, ಅದರಲ್ಲಿ ಎಷ್ಟು ಬಂದರೂ ಗ್ಯಾರಂಟಿ ಇಲ್ಲ. ನಮ್ಮ ಸಿಇಟಿ ಥರ ರ‍್ಯಾಂಕು, ಕಟ್ ಆಫ್ ಅಂತ ಅಲ್ಲಿಲ್ಲ. ಹಾರ್ವರ್ಡ್‌ಗೆ ಅರ್ಜಿ ಹಾಕಿದ ನೂರು ಜನರಲ್ಲಿ ಸೀಟು ಸಿಗುವುದು ಹೆಚ್ಚುಕಮ್ಮಿ ನಾಲ್ವರಿಗೆ, ಎಂಐಟಿಯಲ್ಲಿ ಹೊರದೇಶದವರ ಲೆಕ್ಕ ಇನ್ನೂ ಕಡಿಮೆ. ಆದರೆ ನಮ್ಮಂಥವರು ಮೊದಲು ಕೇಳಬೇಕಾದ ಪ್ರಶ್ನೆಯೇ ಬೇರೆ: ಸೀಟು ಸಿಕ್ಕರೆ ದುಡ್ಡು ಯಾರು ಕೊಡ್ತಾರೆ?

ನಾನು ಶಿವಮೊಗ್ಗದಲ್ಲಿ ಪಿಯು ಮುಗಿಸಿ ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಕಾಲೇಜಿಗೆ ಡಿಗ್ರಿ ಓದಲು ಬಂದೆ. ಅಪ್ಪನದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಇಲ್ಲಿನ ಖರ್ಚು ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ, ತೋಟ ಮಾರಿದರೂ ನಾಲ್ಕು ವರ್ಷ ದೂಡುವುದು ಕಷ್ಟವಿತ್ತು. ಹಾಗಾಗಿ ನಾನು ಕಾಲೇಜಿನ ಹೆಸರು ನೋಡದೆ, ಹೊರದೇಶದವರಿಗೆ ಅವರ ದುಡ್ಡಿನ ನಿಯಮ ಏನು ಅಂತ ನೋಡಿ ಪಟ್ಟಿ ಮಾಡಿಕೊಂಡೆ.

ಮನೆಯಲ್ಲಿ ದುಡ್ಡಿದೆಯಾ ಇಲ್ವಾ ಅಂತ ನೋಡದೆ ಸೀಟು ಕೊಡುವುದಕ್ಕೆ ನೀಡ್ ಬ್ಲೈಂಡ್ ಅಂತಾರೆ. ಹೊರದೇಶದವರಿಗೂ ಹೀಗೆ ಮಾಡುವ ಕಾಲೇಜು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮೊದಲಿನಿಂದ ಇದ್ದವು, 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡನ್ ಸೇರಿಕೊಂಡವು, ಬ್ರೌನ್ ಕೂಡ ಆಮೇಲೆ ಬಂತು. ಸ್ಟ್ಯಾನ್‌ಫರ್ಡ್, ಕಾರ್ನೆಲ್‌ನಂಥವು ಆಯ್ಕೆಯಾದವರಿಗೆ ಚೆನ್ನಾಗಿ ನೆರವು ಕೊಡುತ್ತವೆ, ಆದರೆ ನೆರವು ಕೇಳಿದ್ದೀರಿ ಅನ್ನುವುದನ್ನು ಆಯ್ಕೆಯ ಹೊತ್ತಿನಲ್ಲೇ ಲೆಕ್ಕಕ್ಕೆ ತಗೋತವೆ. ಬರ್ಕ್ಲಿ, ಮಿಷಿಗನ್‌ನಂಥ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ನಮ್ಮಂಥವರಿಗೆ ಮನೆಯ ಸ್ಥಿತಿ ನೋಡಿ ಕೊಡುವ ನೆರವು ಇಲ್ಲ ಅಂತಲೇ ಇಟ್ಟುಕೊಳ್ಳಿ. ಇನ್ನೊಂದು ವಿಷಯ, ಹಾರ್ವರ್ಡ್-ಯೇಲ್ ಇರುವ ಐವಿ ಲೀಗ್‌ನಲ್ಲಿ ಟಾಪರ್‌ಗೆ ಅಂತ ಪ್ರತಿಭಾ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ, ಕೊಡುವುದೆಲ್ಲ ಮನೆಯ ಸ್ಥಿತಿ ನೋಡಿಯೇ. "ಈಗ ನೆರವು ಬೇಡ ಅಂತ ಹಾಕು, ಸೇರಿದ ಮೇಲೆ ಕೇಳೋಣ" ಅಂತ ಸಲಹೆ ಕೊಡುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ. ಅರ್ಜಿಯಲ್ಲಿ ಕೇಳದವರಿಗೆ ಆಮೇಲೆ ಕೊಡಲ್ಲ ಅಂತ ಎಷ್ಟೋ ಕಾಲೇಜುಗಳು ಸ್ಪಷ್ಟವಾಗಿ ಬರೆದಿರುತ್ತವೆ.

ನೆರವಿಗೆ ಹೆಚ್ಚಿನ ಕಡೆ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಫಾರಂ ತುಂಬಬೇಕು. ಅಪ್ಪ-ಅಮ್ಮನ ಆದಾಯ, ಸಾಲ, ಆಸ್ತಿ, ಮನೆ ಖರ್ಚು, ಎಲ್ಲವನ್ನೂ ಕೆದಕಿ ಕೆದಕಿ ಕೇಳುತ್ತದೆ. ಕೃಷಿ ಆದಾಯಕ್ಕೆ ನಮ್ಮಲ್ಲಿ ತೆರಿಗೆ ಇಲ್ಲ, ಅಪ್ಪ ಐಟಿ ರಿಟರ್ನ್ ಹಾಕಿದವರೇ ಅಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿರುವ ಅಂಕಿಗೂ ನಿಜವಾದ ಆದಾಯಕ್ಕೂ ಎಷ್ಟು ತಾಳೆಯಾಗುತ್ತದೆ ಅಂತ ನಿಮಗೇ ಗೊತ್ತು. ನಾನು ಅಡಿಕೆ ಮಾರಿದಾಗ ಮಂಡಿಯವರು ಕೊಟ್ಟ ಪಟ್ಟಿಗಳನ್ನೆಲ್ಲ ಹುಡುಕಿ ಒಟ್ಟು ಹಾಕಿದೆ, ಅದರಲ್ಲಿ ಕೂಲಿ, ಗೊಬ್ಬರ, ಕೊಳೆರೋಗಕ್ಕೆ ಹೊಡೆಸುವ ಬೋರ್ಡೋ ದ್ರಾವಣದ ಖರ್ಚು ಕಳೆದು, ಉಳಿದದ್ದನ್ನು ಆದಾಯ ಅಂತ ತೋರಿಸಿದೆ. ಪ್ರಮಾಣಪತ್ರವನ್ನೂ ಲಗತ್ತಿಸಿ, ಎರಡೂ ಅಂಕಿ ಯಾಕೆ ಬೇರೆ ಅಂತ ಬರೆದೆ. ಜಮೀನಿನದು ಇನ್ನೊಂದು ತಲೆಬಿಸಿ. ಪಹಣಿಯಲ್ಲಿ ಅಪ್ಪನ ಜೊತೆ ದೊಡ್ಡಪ್ಪನ ಹೆಸರೂ ಇತ್ತು, ಇಡೀ ತೋಟದ ಬೆಲೆ ಹಾಕಿದರೆ ಕಾಗದದ ಮೇಲೆ ನಾವು ಕೋಟ್ಯಧಿಪತಿಗಳು! ವಿಶೇಷ ಪರಿಸ್ಥಿತಿ ವಿವರಿಸಲು ಕೊನೆಯಲ್ಲೊಂದು ಜಾಗ ಇರುತ್ತದೆ. ನಮ್ಮ ಪಾಲು ಇಷ್ಟೇ, ಇದನ್ನು ಮಾರಿದರೆ ಮನೆಗೆ ಬೇರೆ ಆದಾಯವಿಲ್ಲ, ಸೊಸೈಟಿಯಲ್ಲಿ ಬೆಳೆ ಸಾಲ ಇಷ್ಟಿದೆ, ಅಂತ ಅಲ್ಲಿ ನೇರವಾಗಿ ಬರೆಯಿರಿ. ಈ ಫಾರಂಗೂ ಫೀಸು ಇದೆ. ಕಟ್ಟಲು ಆಗದಿದ್ದರೆ ಕಾಲೇಜಿಗೆ ಒಂದು ಇಮೇಲ್ ಹಾಕಿ ಕೇಳಿ, ಕೆಲವರು ಮಾಫಿ ಕೋಡ್ ಕಳಿಸುತ್ತಾರೆ. ಕೇಳಲು ನಾಚಿಕೆ ಬೇಡ.

ಇನ್ನು ನಮ್ಮ ಪಿಯು ಕಾಲೇಜಿನ ಕಥೆ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ವೆಬ್‌ಸೈಟ್ ಆದ ಕಾಮನ್ ಆ್ಯಪ್‌ನಲ್ಲಿ 9ನೇ ತರಗತಿಯಿಂದ ಅಂಕಪಟ್ಟಿ ಬೇಕು, ಕೌನ್ಸೆಲರ್ ಪತ್ರ ಬೇಕು, ಹೆಚ್ಚಿನ ಕಡೆ ಇಬ್ಬರು ಮೇಷ್ಟ್ರ ಶಿಫಾರಸು ಬೇಕು. ಕೌನ್ಸೆಲರ್ ಅಂತ ನಮ್ಮಲ್ಲಿ ಯಾರಿದ್ದಾರೆ? ಪ್ರಿನ್ಸಿಪಾಲರೇ ಆ ಜಾಗಕ್ಕೆ ಬಂದರು. ಕಾಲೇಜಿನ ಇಮೇಲ್ ಪಾಸ್‌ವರ್ಡ್ ಆಫೀಸಿನ ಗುಮಾಸ್ತರೊಬ್ಬರಿಗೆ ಮಾತ್ರ ಗೊತ್ತಿತ್ತು, ಅವರು ರಜೆ ಹಾಕಿದರೆ ನನ್ನ ಕೆಲಸವೂ ರಜೆ. ಫಿಸಿಕ್ಸ್ ಲೆಕ್ಚರರ್ ಮೊದಲು "ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಅಂದರು. "ಸರ್, ನೀವೇ ಬರೀಬೇಕು, ನಾನು ಅದನ್ನ ನೋಡೋ ಹಾಗೂ ಇಲ್ಲ" ಅಂತ ಹೇಳಿ, ಅವರ ಕ್ಲಾಸಿನಲ್ಲಿ ನಡೆದ ನಾಲ್ಕಾರು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಮೀಟರ್ ಬ್ರಿಡ್ಜ್ ಪ್ರಯೋಗದಲ್ಲಿ ರೀಡಿಂಗ್ ಸರಿ ಬಾರದಿದ್ದಾಗ ಉಳಿದವರು ಹಳೇ ರೆಕಾರ್ಡ್ ನೋಡಿ ಬರೆದು ಹೋಗಿದ್ದರು, ನಾನು ಉಪ್ಪುಕಾಗದ ಹಿಡಿದು ತಂತಿಯ ತುದಿ ಉಜ್ಜುತ್ತಾ ಕೂತಿದ್ದೆ. ಅದು ಅವರಿಗೆ ತಕ್ಷಣ ನೆನಪಾಯಿತು. ಶಿಫಾರಸಿಗೆ ಬೇಕಾದ್ದು ಇಂಥದ್ದು. ನಮ್ಮವರು ಅಭ್ಯಾಸಬಲದಿಂದ ಬರೆಯುವ "ನಡತೆ ಉತ್ತಮವಾಗಿದೆ, ಭವಿಷ್ಯ ಉಜ್ವಲವಾಗಲಿ" ಅನ್ನುವ ಸರ್ಟಿಫಿಕೇಟಿನಿಂದ ಅಲ್ಲಿನವರಿಗೆ ಏನೂ ಗೊತ್ತಾಗುವುದಿಲ್ಲ.

ಚಟುವಟಿಕೆಗಳ ಪಟ್ಟಿಯಲ್ಲಿ ಹತ್ತು ಜಾಗ, ಒಂದೊಂದರ ವಿವರಣೆಗೆ 150 ಅಕ್ಷರ. ಒಲಿಂಪಿಯಾಡ್ ಪದಕ ಇಲ್ಲ ಅಂತ ಖಾಲಿ ಬಿಡಬೇಡಿ, ಮನೆಯ ಜವಾಬ್ದಾರಿ ಅಂತಲೇ ಅಲ್ಲಿ ಒಂದು ವಿಭಾಗ ಇದೆ. ಸುಗ್ಗಿಯಲ್ಲಿ ರಾತ್ರಿ ಅಡಿಕೆ ಸುಲಿಯಲು ಬರುವವರ ಕೂಲಿ ಲೆಕ್ಕ ಬರೆಯುತ್ತಿದ್ದುದನ್ನು ನಾನು ಹಾಕಿದೆ. ಪ್ರಬಂಧದ ಬಗ್ಗೆ ಜಾಸ್ತಿ ಹೇಳಲ್ಲ. 650 ಪದ, ನೀವೇ ಬರೆಯಿರಿ, ಅಷ್ಟೇ. ಬೆಂಗಳೂರಿನ ಒಂದು ಕನ್ಸಲ್ಟೆನ್ಸಿ ಲಕ್ಷಗಟ್ಟಲೆ ಕೇಳಿ "ಪ್ರಬಂಧ ನಾವೇ ಬರೆದು ಕೊಡ್ತೀವಿ" ಅಂದಿತ್ತು. ಅಲ್ಲಿಂದ ಎದ್ದು ಬಂದೆ. ಅರ್ಜಿ ಹಾಕುವವರಿಗೆ ಸಲಹೆ ಕೊಡುವ, ಅಮೆರಿಕ ಸರ್ಕಾರದ್ದೇ ಎಜುಕೇಷನ್‌ಯುಎಸ್‌ಎ ಇರುವಾಗ, ಸುಮ್ನೆ ಯಾಕೆ ದುಡ್ಡು ಸುರಿಯಬೇಕು?

ದಿನಾಂಕಗಳು: ಬೇಗ ಹಾಕುವವರಿಗೆ ಸಾಮಾನ್ಯವಾಗಿ ನವೆಂಬರ್ 1, ಉಳಿದವರಿಗೆ ಜನವರಿ ಮೊದಲ ವಾರದ ಆಸುಪಾಸು. ಅರ್ಲಿ ಡಿಸಿಷನ್ ಅಂದರೆ ಸೀಟು ಸಿಕ್ಕರೆ ಸೇರಲೇಬೇಕು ಅನ್ನುವ ಒಪ್ಪಂದ, ನೆರವು ಸಾಲದಿದ್ದರೆ ಮಾತ್ರ ಬಿಡಿಸಿಕೊಳ್ಳಬಹುದು. ಎಸ್‌ಎಟಿ ಬೇಡ ಅಂದಿದ್ದ ಎಂಐಟಿ, ಹಾರ್ವರ್ಡ್, ಯೇಲ್, ಡಾರ್ಟ್‌ಮತ್ ಎಲ್ಲ ಮತ್ತೆ ಪರೀಕ್ಷೆಯ ಅಂಕ ಕೇಳುತ್ತಿವೆ.

ಸೀಟು ಸಿಕ್ಕ ಮೇಲೆ ಕಾಲೇಜು ವೀಸಾ ಅರ್ಜಿಗೆ ಬೇಕಾದ ಐ-20 ಅನ್ನುವ ಪತ್ರ ಕಳಿಸುತ್ತದೆ, ವೀಸಾಗೆ ನಾನು ಚೆನ್ನೈಗೆ ಹೋಗಿ ಬಂದೆ. ಯಾರೂ ಮೊದಲೇ ಹೇಳದ ಒಂದು ವಿಷಯ ತೆರಿಗೆ. ಸ್ಕಾಲರ್‌ಶಿಪ್‌ನಲ್ಲಿ ಊಟ-ವಸತಿಗೆ ಅಂತ ಕೊಡುವ ಭಾಗದ ಮೇಲೆ 14% ತೆರಿಗೆ ಹಿಡಿಯುತ್ತಾರೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದಿಂದ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಆದಾಯದಲ್ಲಿ ಒಂದಿಷ್ಟಕ್ಕೆ ತೆರಿಗೆ ವಿನಾಯಿತಿ, ಸಿಗುತ್ತದೆ, ಹಾಗಾಗಿ ಮುಂದಿನ ವರ್ಷ ರಿಟರ್ನ್ ಹಾಕಿದಾಗ ಒಂದಿಷ್ಟು ವಾಪಸ್ ಬರಬಹುದು. ಆದರೆ ಮೊದಲ ಸೆಮಿಸ್ಟರ್‌ನ ಬಿಲ್ಲಿನಲ್ಲೇ ಆ ತೆರಿಗೆ ಕೂತಿರಬಹುದು. ಒಪ್ಪಿಗೆ ಕೊಡಲು ಸಾಮಾನ್ಯವಾಗಿ ಮೇ 1ರವರೆಗೆ ಸಮಯ ಇರುತ್ತದೆ. ಅಷ್ಟರೊಳಗೆ ಕಾಲೇಜಿನ ನೆರವಿನ ಆಫೀಸಿಗೆ ಬರೆದು, ಆ ತೆರಿಗೆ ಯಾರು ಕಟ್ಟಬೇಕು ಅಂತ ಲಿಖಿತವಾಗಿ ಕೇಳಿ ಇಟ್ಟುಕೊಳ್ಳಿ.