ಏಳು ಬಂಕರ್‌ಗಳಲ್ಲಿ ಒಂದನ್ನೇ ಉಳಿಸಿದ ನನ್ನ ಅನುಭವ

ಪುಣೆಯ ಹೊರಗೆ, ಮುಳಶಿಯ ಕಡೆಯ ಒಂದು ಖಾಸಗಿ ಗಾಲ್ಫ್ ಮೈದಾನದ ನಾಲ್ಕನೆಯ ಹೋಲ್‌ನಲ್ಲಿ ಗ್ರೀನ್ (ಕುಳಿಯಿರುವ, ನುಣ್ಣಗೆ ಕತ್ತರಿಸಿದ ಹುಲ್ಲಿನ ಜಾಗ) ಸುತ್ತಲಿನ ಏಳು ಬಂಕರ್‌ಗಳ, ಅಂದರೆ ಮರಳಿನ ಗುಂಡಿಗಳ, ಪೈಕಿ ಆರನ್ನು ಮುಚ್ಚುತ್ತೇನೆಂದು ನಾನು ಹೇಳಿದಾಗ ಸಮಿತಿಯಲ್ಲಿ ಒಬ್ಬರೂ ನನ್ನ ಪರ ಮಾತನಾಡಲಿಲ್ಲ. ಹೋಲ್ ಸಪ್ಪೆಯಾಗುತ್ತದೆ ಎಂಬುದು ಎಲ್ಲರ ವಾದವಾಗಿತ್ತು. ಮೂರು ಮಳೆಗಾಲಗಳು ಕಳೆದಿವೆ. ಈಗ ಆಟಗಾರರು ಮೊದಲ ಹೊಡೆತದ ಜಾಗವಾದ ಟೀಯ ಮೇಲೆ ನಿಂತು ಎಡವೋ ಬಲವೋ ಎಂದು ಯೋಚಿಸುವುದು ಈ ಹೋಲ್‌ನಲ್ಲಿಯೇ.

ಇದು ಸುಮಾರು 350 ಗಜದ ಪಾರ್ 4, ಅಂದರೆ ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕಾದ ಹೋಲ್. ಬಲಕ್ಕೆ ಹಳ್ಳ, ಎಡಕ್ಕೆ ಧಾರಾಳವಾದ ಫೇರ್‌ವೇ (ಟೀಯಿಂದ ಗ್ರೀನ್‌ವರೆಗಿನ ಹುಲ್ಲಿನ ಹಾದಿ). ಹಳೆಯ ಗ್ರೀನ್ ದುಂಡಗಿದ್ದುದರಿಂದ ಎಲ್ಲಿಂದ ಬಂದರೂ ಚೆಂಡನ್ನು ಎತ್ತಿ ಇಳಿಸುವ ಒಂದೇ ದಾರಿಯಿತ್ತು. ಹಳ್ಳದ ಅಂಚಿಗೆ ಹೊಡೆದವನ ಧೈರ್ಯಕ್ಕೆ ಫಲವಿರಲಿಲ್ಲ. ಸ್ಕಾಟ್ಲೆಂಡ್‌ನ ನಾರ್ತ್ ಬೆರ್ವಿಕ್‌ನ 15ನೆಯ ಹೋಲ್ ಆದ ರೆಡಾನ್ ಪಾರ್ 3 ಆದರೂ ಅದರ ಗ್ರೀನ್‌ನ ಓರೆಯನ್ನು ನಾನು ಇಲ್ಲಿಗೆ ತಂದೆ: ಗ್ರೀನ್ ಮುಂದಿನ ಬಲ ಮೂಲೆಯಿಂದ ಹಿಂದಿನ ಎಡ ಮೂಲೆಗೆ ಚಾಚಿಕೊಂಡು ಅದೇ ದಿಕ್ಕಿಗೆ ಇಳಿಯುತ್ತದೆ, ಮುಂದಿನ ಎಡಕ್ಕೆ ಒಂದು ಆಳವಾದ ಬಂಕರ್ ಇದೆ. ಹಳ್ಳದ ಪಕ್ಕದಿಂದ ಗ್ರೀನ್ ಉದ್ದಕ್ಕೂ ತೆರೆದುಕೊಳ್ಳುತ್ತದೆ, ಚೆಂಡನ್ನು ಉರುಳಿಸಿಯೂ ಒಳಗೆ ತರಬಹುದು. ಸುರಕ್ಷಿತವಾದ ಎಡದಿಂದ ಬಂಕರ್ ದಾಟಿ ಕಿರಿದಾದ ಪಟ್ಟಿಯ ಮೇಲೆ ನಿಲ್ಲಿಸಬೇಕು.

ಮೊದಲ ವರ್ಷ ನಾನು ದುರಾಸೆಪಟ್ಟು ಇಳಿಜಾರನ್ನು ಸುಮಾರು ಶೇಕಡಾ 4ಕ್ಕೆ ಇಟ್ಟೆ. ಏಪ್ರಿಲ್‌ನಲ್ಲಿ ಗ್ರೀನ್ ಗಟ್ಟಿಯಾದಾಗ ಚೆಂಡು ಎಲ್ಲಿಯೂ ನಿಲ್ಲಲಿಲ್ಲ. ಹಿಂದಿನ ಅರ್ಧವನ್ನು ಕಿತ್ತು ಶೇಕಡಾ ಎರಡೂವರೆಗೆ ತರಲು ಆರು ಲಕ್ಷದಷ್ಟು ಹೋಯಿತು. ಆ ತಿಂಗಳು ನನಗೆ ಸರಿಯಾಗಿ ನಿದ್ರೆ ಬರಲಿಲ್ಲ.

ಎರಡನೆಯ ಸೋಲು ಎರೆಮಣ್ಣಿನದು. ಜುಲೈನಲ್ಲಿ ಗ್ರೀನ್‌ನ ಮುಂಭಾಗ ಹಿಗ್ಗಿ ಅಂಟಾಗಿ, ಉರುಳಬೇಕಾದ ಚೆಂಡು ಬಿದ್ದಲ್ಲೇ ಹೂತುಹೋಗುತ್ತಿತ್ತು. ಆಗ ಬಲಗಡೆಯ ದಾರಿಗೆ ಅರ್ಥವೇ ಉಳಿಯಲಿಲ್ಲ. ನನ್ನ ತಂಡದಲ್ಲಿ ಬಹುಪಾಲು ವಿಜಯಪುರದ ಕಡೆಯವರು, ಎರೆಹೊಲದಲ್ಲಿಯೇ ಬೆಳೆದವರು. ಮೇಲೆ ಮರಳು ಹರಡಿದರೆ ಸಾಲದು, ಮಣ್ಣನ್ನೇ ತೆಗೆಯಬೇಕು ಎಂದು ಹಟ ಹಿಡಿದವರು ಅವರೇ. ಒಂದೂವರೆ ಅಡಿ ಅಗೆದು, ಮುರಮ್ (ಗರಸು ಮಣ್ಣು) ತುಂಬಿ, ಪೈಪ್ ಹಾಕಿ, ಮೇಲೆ ಮರಳಿನ ಪದರ ಕೊಟ್ಟೆವು. ಮರಳಿನಲ್ಲಿ ಏನನ್ನು ಎಷ್ಟು ಬೆರೆಸಿದೆವು ಎಂಬುದನ್ನು ನಾನು ಹೇಳುವುದಿಲ್ಲ. ಅದಕ್ಕಾಗಿ ಎರಡು ಮಳೆಗಾಲ ಕಳೆದಿದ್ದೇನೆ.

ಉಳಿಯುವ ಬಂಕರ್‌ನ ಜಾಗವನ್ನು ನಕ್ಷೆಯಲ್ಲಿ ನಿರ್ಧರಿಸಲಿಲ್ಲ. ಸುಣ್ಣದ ಪುಡಿಯಿಂದ ಹುಲ್ಲಿನ ಮೇಲೆ ಅದರ ಆಕಾರ ಬರೆದು, ಇನ್ನೂರರಷ್ಟು ಚೆಂಡುಗಳು ಎಲ್ಲಿ ನಿಂತವೆಂದು ವಹಿಯಲ್ಲಿ ಗುರುತಿಸಿ, ಗೆರೆಯನ್ನು ಮೂರು ಬಾರಿ ಸರಿಸಿದ ಮೇಲೆಯೇ ಅಗೆದೆವು. ಕೊನೆಯ ಜಾಗ ಮೊದಲಿನದಕ್ಕಿಂತ ನಾಲ್ಕು ಗಜ ಬಲಕ್ಕಿತ್ತು, ಆ ನಾಲ್ಕು ಗಜವೇ ಎಡದ ದಾರಿಯನ್ನು ಕಠಿಣಗೊಳಿಸಿತು. ಇದರ ನಡುವೆ ಗ್ರೀನ್‌ನ ಹಿಂದೆ ಹುಲ್ಲಿನ ತಗ್ಗೊಂದನ್ನೂ ಮಾಡಿ ನೋಡಿದೆ. ನೀರು ನಿಂತದ್ದರಿಂದ ಮುಚ್ಚಿದೆ.

ಕೈತಪ್ಪಿದ ಆರು ಲಕ್ಷವೂ ಸೇರಿ ಒಟ್ಟು ಇಪ್ಪತ್ತೆರಡು ಲಕ್ಷದ ಆಸುಪಾಸು ಖರ್ಚಾಯಿತು. ಹಿಂದೆ ಪ್ರತಿ ಮಳೆಗಾಲದಲ್ಲಿ ಕೊಚ್ಚಿಹೋದ ಮರಳನ್ನು ತುಂಬಲು ಮತ್ತು ಅಂಚು ಕಟ್ಟಲು ನಾಲ್ಕು ಲಕ್ಷ ಬೇಕಿತ್ತು; ಈಗ ಎಪ್ಪತ್ತು ಸಾವಿರ ಸಾಕು. ಕಳೆದ ಆಗಸ್ಟ್‌ನಲ್ಲಿ, ಮೊದಲ ಸಭೆಯಲ್ಲಿ ನನ್ನನ್ನು ಅತಿಯಾಗಿ ವಿರೋಧಿಸಿದ್ದ ಹಿರಿಯ ಸದಸ್ಯರೊಬ್ಬರು ಹಳ್ಳದ ಪಕ್ಕದಿಂದ ಐದನೆಯ ಐರನ್ ಕೋಲಿನಿಂದ ಚೆಂಡನ್ನು ಉರುಳಿಸಿ ಹಿಂದಿನ ಎಡ ಮೂಲೆಯ ಬಾವುಟದ ಬಳಿ ತಂದು ನಿಲ್ಲಿಸಿದರು. ಹನ್ನೊಂದನೆಯ ಹೋಲ್‌ನ ಕೆಲಸವನ್ನೂ ಈಗ ಸಮಿತಿ ನನಗೇ ವಹಿಸಿದೆ.