ಮುಯ್ಯಿ ಪುಸ್ತಕ ನೋಡಿಕೊಂಡು ಉಡುಗೊರೆ ಕೇಳಿದೆ

ಲಗ್ನಪತ್ರಿಕೆಯ ಅಡಿಯಲ್ಲಿ ‘ಆಶೀರ್ವಾದವೇ ಉಡುಗೊರೆ’ ಎಂದು ಅಚ್ಚು ಹಾಕಿಸಿದರೆ ಉಡುಗೊರೆ ನಿಲ್ಲುವುದಿಲ್ಲ, ಬೇಡದ್ದು ಬರುತ್ತದೆ. ಮಗಳ ಮದುವೆಗೆ ಹಾಗೆ ಹಾಕಿಸಿದ್ದೆವು. ಹತ್ತು ಹನ್ನೆರಡು ಗೋಡೆ ಗಡಿಯಾರ ಬಂದವು. ರಾಧಾಕೃಷ್ಣರ ಪಟಗಳು ಇನ್ನೂ ಅಟ್ಟದ ಮೇಲಿವೆ. ಅದನ್ನಾದರೂ ಸಹಿಸಬಹುದಿತ್ತು, ಮುಯ್ಯಿ ತೀರಿಸಲು ಬಂದವರನ್ನು ಸಂಭಾಳಿಸುವುದೇ ಕಷ್ಟವಾಯಿತು. ಮಂಡ್ಯದ ಕಡೆಯ ನಮ್ಮ ನೆಂಟರಲ್ಲಿ ಮುಯ್ಯಿ ಎಂದರೆ ಬಾಕಿ, ಅವರ ಮನೆಯ ಮದುವೆಗೆ ನಾವು ಕೊಟ್ಟದ್ದನ್ನು ನಮ್ಮ ಮನೆಯ ಮದುವೆಗೆ ತೀರಿಸಲೇಬೇಕು. ಹಿರಿಯರೊಬ್ಬರು, ‘ನನ್ನನ್ನು ಸಾಲಗಾರನನ್ನಾಗಿಯೇ ಇಟ್ಟುಕೊಳ್ಳಬೇಕೇನಪ್ಪ ನಿನಗೆ?’ ಎಂದು ಕವರನ್ನು ನನ್ನ ಜೇಬಿಗೆ ತುರುಕಿ, ಊಟಕ್ಕೂ ಕೂರದೆ ಹೊರಟರು.

ಹೀಗಾಗಿ ಮಗನ ಮದುವೆಗೆ ಕೇಳಿಯೇ ಬಿಡುವುದೆಂದು ತೀರ್ಮಾನಿಸಿದೆ. ಮನೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಅಣ್ಣ, ಇದ್ದ ಮರ್ಯಾದೆ ಕಳೆಯಬೇಡ’ ಎಂದಳು ತಂಗಿ.

ಕೊಟ್ಟದ್ದು, ಬಂದದ್ದು ಎರಡನ್ನೂ ಬರೆದಿಟ್ಟ ಹಳೆಯ ಮುಯ್ಯಿ ಪುಸ್ತಕಗಳನ್ನೆಲ್ಲ ಇಳಿಸಿ, ನಾನು ಯಾರ ಮನೆಯಲ್ಲಿ ಎಷ್ಟು ಬರೆಸಿದ್ದೆ ಎಂದು ಪಟ್ಟಿ ಮಾಡಿದೆ. ನನಗೆ ಬಾಕಿ ಇದ್ದವರನ್ನು ಮಾತ್ರ ಕೇಳುವುದು, ಬಾಕಿಗಿಂತ ಹೆಚ್ಚು ಕೇಳಬಾರದು, ಬೀಗರ ಕಡೆ ಬಾಯಿಯನ್ನೇ ತೆರೆಯಬಾರದು. ಈ ಕೊನೆಯದು ಬರೀ ಸಂಕೋಚದ ಮಾತಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೇಳುವುದೇ ಅಪರಾಧ, ಅವರು ಕೊಡದಿದ್ದರೂ.

ತೊಡಕಾದದ್ದು ಹಳೆಯ ನೂರೊಂದುಗಳಲ್ಲಿ. ಇಪ್ಪತ್ತೈದು ವರ್ಷದ ಹಿಂದಿನ ನೂರೊಂದಕ್ಕೆ ಈಗ ಅಷ್ಟೇ ಕೇಳಿದರೆ ನಗುತ್ತಾರೆ, ಸಾವಿರದೊಂದು ಕೇಳಿದರೆ ಬಡ್ಡಿ ವಸೂಲಿಯಾಗುತ್ತದೆ. ಅಂಥವರಲ್ಲಿ ದುಡ್ಡಿನ ಮಾತೇ ಎತ್ತದೆ ಪದಾರ್ಥ ಕೇಳಿದೆವು. ತೋಟವಿದ್ದವರಿಗೆ ತಾಂಬೂಲದ ತೆಂಗಿನಕಾಯಿ, ಉಳಿದವರಿಗೆ ಬಾಳೆಗೊನೆ, ವೀಳ್ಯದೆಲೆ. ಕಾಯಿಗೆ ಯಾರೂ ಬೆಲೆ ಕಟ್ಟುವುದಿಲ್ಲ. ಆರುನೂರು ಚಿಲ್ಲರೆ ಕಾಯಿ ಬಂದವು, ಸಂತೆಯಲ್ಲಿ ಕೊಂಡಿದ್ದರೆ ಇಪ್ಪತ್ತು ಸಾವಿರದ ಹತ್ತಿರ ಆಗುತ್ತಿತ್ತು. ಸಾವಿರ, ಎರಡು ಸಾವಿರದ ಬಾಕಿಯವರನ್ನು ನಾಲ್ಕೈದು ಜನರಂತೆ ಜೋಡಿಸಿ ಮಿಕ್ಸಿ, ಗ್ಯಾಸ್ ಒಲೆ, ಮಂಚದ ಹಾಸಿಗೆ ಹೊಂದಿಸಿದೆವು. ಬೆಂಗಳೂರಿನ ಬಾಡಿಗೆ ಮನೆಗೆ ಮಗ ಹೂಡಬೇಕಿದ್ದ ಅರವತ್ತು, ಎಪ್ಪತ್ತು ಸಾವಿರ ಉಳಿಯಿತು.

ಯಜಮಾನನೇ ಕೇಳಕೂಡದು. ನಮ್ಮಲ್ಲಿ ಭಾವಮೈದುನ ಕೇಳಿದ, ಅದೂ ಎದುರಿನವರೇ ‘ಹುಡುಗನಿಗೆ ಏನು ಬೇಕಂತೆ?’ ಎಂದ ಮೇಲೆ. ಅವರ ಬಾಯಿಂದ ಆ ಪ್ರಶ್ನೆ ಬರುವಂತೆ ಪತ್ರಿಕೆ ಕೊಡುವಾಗ ಆಡುವ ಒಂದು ಮಾತಿದೆ. ಇಲ್ಲಿ ಬರೆದರೆ ಎಲ್ಲರೂ ಆಡಿ ಅದರ ಬೆಲೆ ಹೋಗುತ್ತದೆ, ಬಿಡಿ.

ಮುಯ್ಯಿ ಬರೆಯುವ ಮೇಜಿನ ಮೇಲೆ ಕ್ಯೂಆರ್ ಕೋಡ್ ಇಟ್ಟು ನೋಡಿದ್ದು ಮಗನ ಹಟಕ್ಕೆ. ದುಡ್ಡೇನೋ ಬಂತು, ಅಪ್ಪನ ಮುಯ್ಯಿ ಮಗನ ಹೆಸರಲ್ಲಿ, ಅತ್ತೆಯದು ಅಳಿಯನ ಹೆಸರಲ್ಲಿ. ಮೂವತ್ತು ನಲವತ್ತು ಜನ ಯಾರೆಂದು ಇನ್ನೂ ಬಗೆಹರಿದಿಲ್ಲ. ಇವರಿಗೆ ನಾನು ತೀರಿಸುವುದು ಹೇಗೆ? ಅದಕ್ಕೂ ಮೊದಲು ಗೃಹಪ್ರವೇಶಕ್ಕೆ ಪುಸ್ತಕ ಕೊಡಿ ಎಂದು ಕೇಳಿದ್ದುಂಟು, ಭಗವದ್ಗೀತೆಯೇ ಏಳೆಂಟು ಬಂದವು. ಗೃಹಪ್ರವೇಶದಲ್ಲಿ ಇನ್ನೊಂದನ್ನೂ ನೋಡಿಕೊಳ್ಳಿ: ಮದುವೆಯ ಉಡುಗೊರೆಗೆ ವಧೂವರರು ಆದಾಯ ತೆರಿಗೆ ಕಟ್ಟಬೇಕಿಲ್ಲ, ಗೃಹಪ್ರವೇಶಕ್ಕೆ ಆ ವಿನಾಯಿತಿ ಇಲ್ಲ. ಸಂಬಂಧಿಕರಲ್ಲದವರು ಕೊಟ್ಟ ದುಡ್ಡು ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿದರೆ ತೆರಿಗೆ ಬೀಳುತ್ತದೆ.

ಬಂದ ವಸ್ತುಗಳನ್ನು ಮುಯ್ಯಿ ಪುಸ್ತಕವಲ್ಲದೆ ಬೇರೆ ಹಾಳೆಯಲ್ಲೂ ಬರೆಸಿದೆ: ವಸ್ತು, ಅಂದಾಜು ಬೆಲೆ, ಕೊಟ್ಟವರು, ಸಂಬಂಧ. ವರದಕ್ಷಿಣೆ ನಿಷೇಧ ಕಾಯ್ದೆಯಡಿ ಉಡುಗೊರೆಗಳ ಪಟ್ಟಿ ಇಡಲು ಇರುವ 1985ರ ನಿಯಮದಂತೆ ವಧೂವರರಿಬ್ಬರೂ ಸಹಿ ಹಾಕಿದರು. ಸೊಸೆಗೆ ಬಂದದ್ದರ ಪಟ್ಟಿ ಅವಳ ಹತ್ತಿರವೇ ಇದೆ.

ತಂಗಿಯ ಮಗಳಿಗೆ ಗಂಡು ಗೊತ್ತಾಗಿದೆ. ನನ್ನ ಮುಯ್ಯಿ ಪುಸ್ತಕ ಬೇಕಂತೆ. ಅದರಲ್ಲಿರುವುದು ನನ್ನ ಬಾಕಿ, ಅವಳದನ್ನು ಭಾವನವರ ಪುಸ್ತಕದಲ್ಲಿ ಹುಡುಕಿಕೊಳ್ಳಲಿ ಎಂದಿದ್ದೇನೆ.